ಬಾಳೆ ಕಂದು ಬಿಡಿಸುವ ಮುನ್ನ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಇಪ್ಪತ್ತೈದು ವರ್ಷದ ಲೆಕ್ಕವನ್ನು ಬಲ್ಲವರು ಆಗಲೇ ಹೇಳಿದ್ದಾರೆ. ನಾವು ತೋಟದ ಮಾತು ಆಡೋಣ. ಆಶ್ವಯುಜ ಕಳೆದು ಕಾರ್ತಿಕ ಬರುತ್ತಿದೆ. ಹಾರೆ ಹಿಡಿದು ಬಾಳೆ ಕಂದು ಬಿಡಿಸಿ ಬೇರೆ ಕಡೆ ನೆಡುವ ಕಾಲ ಇದು.

ಈ ಕಾಲ ಸುಮ್ಮನೆ ಬಂದ ಪದ್ಧತಿ ಅಲ್ಲ. ಜಡಿಮಳೆಯಲ್ಲಿ ನೆಟ್ಟರೆ ಗುಂಡಿಯಲ್ಲಿ ನೀರು ನಿಂತು ಗೆಡ್ಡೆ ಕೊಳೆಯುತ್ತದೆ. ಬಿರುಬೇಸಿಗೆಯಲ್ಲಿ ನೆಟ್ಟರೆ ಬೇರು ಬಿಡುವ ಮೊದಲೇ ಒಣಗುತ್ತದೆ. ಈಗ ಮಳೆಯ ಜೋರು ತಗ್ಗಿರುತ್ತದೆ, ನೆಲದಲ್ಲಿ ಹಸಿ ಇರುತ್ತದೆ, ಬಿಸಿಲೂ ಹದವಾಗಿರುತ್ತದೆ.

ಯಾವ ಕಂದು ತೆಗೆಯಬೇಕು? ಎಲೆ ಕತ್ತಿಯ ಹಾಗೆ ಕಿರಿದಾಗಿದ್ದು, ಬುಡ ದಪ್ಪಗಿರುವ, ಸುಮಾರು ಮೂರು ತಿಂಗಳ ಕಂದು ಒಳ್ಳೆಯದು. ಗೆಡ್ಡೆ ಒಂದೂವರೆ ಕಿಲೋ ತೂಗಿದರೆ ಸಾಕು. ಅಗಲ ಎಲೆಯ ನೀರುಗಂದು ನೋಡಲು ಚೆಂದ, ಆದರೆ ಅದರ ಗೆಡ್ಡೆಯಲ್ಲಿ ಬಲವಿಲ್ಲ. ಮೊದಲು ಸುತ್ತಲಿನ ಮಣ್ಣು ಬಿಡಿಸಿ, ತಾಯಿಗೂ ಕಂದಿಗೂ ನಡುವೆ ಹಾರೆ ಇಟ್ಟು, ಗೆಡ್ಡೆ ಸಮೇತ ಎಬ್ಬಿಸಬೇಕು. ಕೈಯಲ್ಲಿ ಎಳೆದು ಕುತ್ತಿಗೆ ಮುರಿಯಬಾರದು. ಕಿತ್ತ ಜಾಗಕ್ಕೆ ಕೂಡಲೇ ಮಣ್ಣು ಮುಚ್ಚಿ ತುಳಿಯಬೇಕು, ಇಲ್ಲವಾದರೆ ತಾಯಿ ಗಿಡ ಗಾಳಿಗೆ ವಾಲುತ್ತದೆ. ಹಳೆ ಬೇರು ಸವರಿ, ಗೆಡ್ಡೆಯ ಮೇಲ್ಪದರ ತೆಳ್ಳಗೆ ಹೆರೆದು ನೋಡಿ. ಮೂತಿಹುಳು ಕೊರೆದ ತೂತು ಕಂಡರೆ ಆ ಕಂದು ಬೇಡ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಗೆ ಕೊಟ್ಟಿಗೆ ಗೊಬ್ಬರ ಹಾಕಿ ನೆಡಿ.

ಇಷ್ಟೆಲ್ಲ ನಿಮಗೆ ಗೊತ್ತಿದ್ದದ್ದೇ. ನಾವು ಮುಖ್ಯವಾಗಿ ಹೇಳಬೇಕಾದ ಮಾತು ಬೇರೆ ಇದೆ. ಸಂಘದಲ್ಲಿ ಸಾಲ ಕೊಡುವಾಗ ಜಾಮೀನು ಯಾರು ಅಂತ ಕೇಳುತ್ತೇವಲ್ಲ, ಕಂದು ತೆಗೆದುಕೊಳ್ಳುವಾಗ ಏಕೆ ಕೇಳುವುದಿಲ್ಲ? ಕಂದಿಗೆ ಅದರ ತಾಯಿಯೇ ಜಾಮೀನು.

ನಂಜನಗೂಡಿನ ರಸಬಾಳೆಯ ಕಥೆ ನೋಡಿ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಣ್ಣು ಅದು. ಆದರೂ ಪನಾಮಾ ಸೊರಗು ರೋಗಕ್ಕೆ ತೋಟ ತೋಟವೇ ಹೋಯಿತು. ಈ ರೋಗದ ಶಿಲೀಂಧ್ರ ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ರೋಗದ ಗೆಡ್ಡೆ, ಹಾರೆಗೆ ಮೆತ್ತಿದ ಮಣ್ಣು, ಹರಿಯುವ ನೀರು, ಇವುಗಳಿಂದ ಹರಡುತ್ತದೆ. ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ದಂಟು ಮುರಿದು ಕಾಂಡದ ಸುತ್ತ ಜೋತು ಬೀಳುತ್ತವೆ. ಬುಡ ಉದ್ದಕ್ಕೆ ಸೀಳುತ್ತದೆ. ಗೆಡ್ಡೆ ಕತ್ತರಿಸಿದರೆ ಒಳಗೆ ಕೆಂಪು ಮಿಶ್ರಿತ ಕಂದು ಗೆರೆಗಳು ಕಾಣುತ್ತವೆ. ಮೋಸ ಏನೆಂದರೆ, ಅಂಥ ತಾಯಿಯ ಕಂದು ಹೊರಗೆ ಹಸಿರಾಗಿಯೇ ಇರಬಹುದು. ಒಳಗೆ ಹೊಕ್ಕ ರೋಗವನ್ನು ಯಾವ ಔಷಧಿಯಲ್ಲಿ ಅದ್ದಿದರೂ ತೆಗೆಯಲಾಗದು. ‘ನಮ್ಮದು ಪಚ್ಚಬಾಳೆ, ಅದಕ್ಕೆ ಬರಲ್ಲ’ ಅನ್ನುವಂತೆಯೂ ಇಲ್ಲ. ಪಚ್ಚಬಾಳೆಯ ಜಾತಿಯನ್ನೂ ಬಿಡದ ಹೊಸ ಬಗೆಯ ಸೊರಗು ರೋಗ ಈಗಾಗಲೇ ಬಿಹಾರ, ಉತ್ತರ ಪ್ರದೇಶಗಳಲ್ಲಿ ಕಂಡುಬಂದಿದೆ.

ನಮ್ಮ ಕಡೆ ಕಂದು ಕೇಳಿದವರಿಗೆ ಇಲ್ಲ ಅನ್ನುವುದು ಮರ್ಯಾದೆ ಅಲ್ಲ. ಕೊಡುವವರು ದುಡ್ಡನ್ನೂ ತೆಗೆದುಕೊಳ್ಳುವುದಿಲ್ಲ. ಒಳ್ಳೆಯ ಪದ್ಧತಿ, ಅದು ಉಳಿಯಲಿ. ಆದರೆ ತೋಟದಲ್ಲಿ ಸೊರಗು ಕಂಡವರು, ‘ಈ ವರ್ಷ ನಮ್ಮಲ್ಲಿ ಬೇಡಪ್ಪ, ರೋಗ ಇದೆ’ ಅಂತ ಬಾಯಿ ಬಿಟ್ಟು ಹೇಳಬೇಕು. ಕೇಳಿದವರು ಅದನ್ನು ಜಿಪುಣತನ ಅಂದುಕೊಳ್ಳಬಾರದು. ಮುಚ್ಚಿಟ್ಟು ಕೊಟ್ಟರೆ ನೆಂಟನ ಹೊಲವನ್ನೇ ಕೆಡಿಸಿದ ಹಾಗೆ.

ರೋಗದ ಬುಡವನ್ನು ಕಂದುಗಳ ಸಮೇತ ಕಿತ್ತು ಅಲ್ಲೇ ಸುಡಿ, ಕಾಲುವೆಗೆ ಎಸೆಯಬೇಡಿ. ಆ ಜಾಗದಲ್ಲಿ ಮತ್ತೆ ರಸಬಾಳೆ ಬೇಡ. ನೀರಿನ ಅನುಕೂಲ ಇದ್ದವರು ಭತ್ತ ಹಾಕಿ. ಹಾರೆ, ಗುದ್ದಲಿಗಳನ್ನು ತೊಳೆದೇ ಪಕ್ಕದ ತೋಟಕ್ಕೆ ಕೊಡಿ. ಅನುಮಾನ ಬಂದರೆ ತೋಟಗಾರಿಕೆ ಇಲಾಖೆಯವರನ್ನು ಕರೆದು ತೋರಿಸಿ.

ಒಬ್ಬರ ಸಾಲಕ್ಕೆ ಇನ್ನೊಬ್ಬರು ನಿಂತು ಈ ಸಂಘ ಇಪ್ಪತ್ತೈದು ವರ್ಷ ನಡೆದಿದೆ. ಒಬ್ಬರ ತೋಟಕ್ಕೂ ಇನ್ನೊಬ್ಬರು ಹಾಗೆಯೇ ನಿಲ್ಲೋಣ ಎಂದು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.