ಆಮದು ಹಲಗೆಗೆ ಸುಂಕ ಯಾವ ಲೆಕ್ಕದಲ್ಲಿ?

(ಮರ ಬೆಳೆಯುವ ರೈತರ ಸಭೆಯಲ್ಲಿ ನೀಡಿದ ಉಪನ್ಯಾಸ)



ಬದುವಿನ ಮೇಲೆ ಹೆಬ್ಬೇವು ನೆಟ್ಟವರಿಗೂ, ಕಾಫಿ ತೋಟದಲ್ಲಿ ನೆರಳಿಗೆಂದು ಸಿಲ್ವರ್ ಓಕ್ ಬೆಳೆಸಿದವರಿಗೂ ಬಂದರಿನ ಸುಂಕದ ಕಚೇರಿಯಿಂದ ಆಗಬೇಕಾದದ್ದೇನು ಎಂದು ಕೆಲವರಿಗೆ ಅನ್ನಿಸಬಹುದು. ಸಂಬಂಧ ಇದೆ. ಈ ಮರಗಳನ್ನು ಕೊಳ್ಳುವವು ಪ್ಲೈವುಡ್ ಮತ್ತು ಹಲಗೆ ಕಾರ್ಖಾನೆಗಳು. ಅವುಗಳ ಸರಕು ಪೇಟೆಯಲ್ಲಿ ಹೊರದೇಶದ ಹಲಗೆಯ ಪಕ್ಕದಲ್ಲೇ ಮಾರಾಟವಾಗಬೇಕು. ಹೊರಗಿನ ಹಲಗೆ ಅಗ್ಗವಾಗಿ ಬಂದಾಗ ಕಾರ್ಖಾನೆಯವರು ಮೊದಲು ಕೈಹಾಕುವುದು ಮರದ ದರಕ್ಕೆ. ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ಕಾಡಿನ ಬದಲು ಬೆಳೆಗಾರರಿಂದ ಪಡೆಯಬೇಕೆಂದು 1988ರ ರಾಷ್ಟ್ರೀಯ ಅರಣ್ಯ ನೀತಿ ಹೇಳಿದ ಮೇಲೆ ಈ ನಂಟು ಇನ್ನೂ ಬಿಗಿಯಾಗಿದೆ. ಆದುದರಿಂದ ಆಮದು ಹಲಗೆಗೆ ಸುಂಕ ಹೇಗೆ ಗೊತ್ತಾಗುತ್ತದೆ ಎಂಬುದನ್ನು ಮರ ಬೆಳೆಯುವವರೂ ತಿಳಿದಿರುವುದು ಒಳ್ಳೆಯದು.

ಸರಕಿಗೊಂದು ಸಂಖ್ಯೆ

ಬಂದರಿಗೆ ಬರುವ ಪ್ರತಿಯೊಂದು ಸರಕಿಗೂ ಒಂದು ಸಂಖ್ಯೆ ಇರುತ್ತದೆ. ಇದಕ್ಕೆ ಆಧಾರವಾದದ್ದು ಎಚ್.ಎಸ್. ಎಂಬ ಅಂತರರಾಷ್ಟ್ರೀಯ ಪದ್ಧತಿ. ಅದು 1988ರ ಜನವರಿ 1ರಿಂದ ಜಾರಿಗೆ ಬಂತು. ಮೊದಲ ಆರು ಅಂಕಿಗಳು ಈ ಪದ್ಧತಿಯನ್ನು ಅನುಸರಿಸುವ ಎಲ್ಲ ದೇಶಗಳಿಗೂ ಒಂದೇ. ಭಾರತ ಅದಕ್ಕೆ ಎರಡು ಅಂಕಿ ಸೇರಿಸಿ ಎಂಟು ಮಾಡಿಕೊಂಡಿದೆ. ಮರ ಮತ್ತು ಮರದ ಬಹುಪಾಲು ವಸ್ತುಗಳು 44ನೆಯ ಅಧ್ಯಾಯದಲ್ಲಿವೆ. ದುಂಡುಮರಕ್ಕೆ 4403, 6 ಮಿ.ಮೀ.ಗಿಂತ ದಪ್ಪವಾಗಿ ಕೊಯ್ದ ಮರಕ್ಕೆ 4407, 6 ಮಿ.ಮೀ. ಮೀರದ ತೆಳು ಪದರ, ಅಂದರೆ ವೆನೀರ್‌ಗೆ 4408.

ಕಾರ್ಖಾನೆಯಲ್ಲಿ ತಯಾರಾದ ಹಲಗೆಗಳಿಗೆ ಮುಖ್ಯವಾಗಿ ಮೂರು ಶೀರ್ಷಿಕೆಗಳಿವೆ:

1. ಮರದ ಚೂರುಗಳಿಗೆ ಅಂಟು ಬೆರೆಸಿ ಒತ್ತಿದ ಪಾರ್ಟಿಕಲ್ ಬೋರ್ಡ್ — 4410.

2. ಮರವನ್ನು ನಾರಾಗಿ ಬಿಡಿಸಿ ಒತ್ತಿದ ಫೈಬರ್ ಬೋರ್ಡ್ — 4411. ಎಂ.ಡಿ.ಎಫ್. ಸೇರುವುದು ಇಲ್ಲಿಗೆ.

3. ತೆಳು ಪದರಗಳನ್ನು ಒಂದರ ಮೇಲೊಂದು ಅಂಟಿಸಿದ ಪ್ಲೈವುಡ್, ವೆನೀರ್ ಹೊದಿಸಿದ ಹಲಗೆ ಮತ್ತು ಅಂಥವೇ ಆದ ಪದರ ಹಲಗೆಗಳು — 4412.

ಹಲಗೆಯ ಒಳಗೆ ಮರ ಯಾವ ರೂಪದಲ್ಲಿದೆ, ಚೂರಾಗಿಯೋ, ನಾರಾಗಿಯೋ, ಪದರವಾಗಿಯೋ ಎಂಬುದನ್ನೇ ಮೊದಲು ನೋಡುತ್ತಾರೆ. ಅನಂತರ ಮೇಲ್ಮೈ ಗಮನಕ್ಕೆ ಬರುತ್ತದೆ. ಪಾರ್ಟಿಕಲ್ ಬೋರ್ಡಿಗೆ ಮೆಲಮೈನ್ ಕಾಗದ ಅಂಟಿಸಿದರೆ ಅದು 4410ರಲ್ಲೇ ಉಳಿಯುತ್ತದೆ. ಅದೇ ಹಲಗೆಗೆ ಮರದ ವೆನೀರ್ ಅಂಟಿಸಿದರೆ 4412ಕ್ಕೆ ಹೋಗುತ್ತದೆ.

ಪೇಟೆಯ ಹೆಸರು ಸಾಲದು

ಅಂಗಡಿಯಲ್ಲಿ ಕರೆಯುವ ಹೆಸರು ಬೇರೆ, ಸುಂಕದ ಕೋಷ್ಟಕದ ಹೆಸರು ಬೇರೆ ಆದಾಗ ತಕರಾರು ಹುಟ್ಟುತ್ತದೆ. 1995ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ವುಡ್ ಕ್ರಾಫ್ಟ್ ಪ್ರಾಡಕ್ಟ್ಸ್ ಮೊಕದ್ದಮೆ ಇದಕ್ಕೆ ಒಳ್ಳೆಯ ಉದಾಹರಣೆ. ಮರದ ಪಟ್ಟಿಗಳನ್ನು ಜೋಡಿಸಿ ಎರಡೂ ಬದಿಗೆ ವೆನೀರ್ ಅಂಟಿಸಿದ ಬ್ಲಾಕ್ ಬೋರ್ಡ್ ಪ್ಲೈವುಡ್ಡಿನ ಗುಂಪಿಗೆ ಸೇರುತ್ತದೆಯೇ ಎಂಬುದು ಅಲ್ಲಿನ ಪ್ರಶ್ನೆ. ಭಾರತೀಯ ಮಾನಕ ಸಂಸ್ಥೆಯ ಪದಕೋಶವನ್ನು ಆಧಾರವಾಗಿ ಮುಂದಿಡಲಾಗಿತ್ತು. ಆ ಪದಕೋಶದ ಉದ್ದೇಶವೇ ಬೇರೆ, ಕೋಷ್ಟಕವನ್ನು ಅಂತರರಾಷ್ಟ್ರೀಯ ಪದ್ಧತಿಯ ಮೇಲೆ ಕಟ್ಟಿರುವಾಗ ಸಂಶಯ ಬಂದರೆ ಆ ಪದ್ಧತಿಯನ್ನೇ ನೋಡಬೇಕು ಎಂದು ನ್ಯಾಯಾಲಯ ಹೇಳಿತು. ಬ್ಲಾಕ್ ಬೋರ್ಡು ಪದರ ಹಲಗೆಗಳ ಗುಂಪಿಗೇ ಸೇರಿತು. ಮೊಕದ್ದಮೆ ದೇಶದೊಳಗಿನ ಅಬಕಾರಿ ಸುಂಕದ್ದಾದರೂ, ಆ ಮಾತು ಆಮದು ಸುಂಕದ ತಕರಾರುಗಳಿಗೂ ದಾರಿ ತೋರಿಸಿದೆ.

ಒಂದು ಮಿಲಿಮೀಟರಿನ ಬೆಲೆ

ಮೂಲ ಸುಂಕದ ದರ ಎರಡು ಬಗೆಯ ಹಲಗೆಗಳಿಗೆ ಒಂದೇ ಆಗಿದ್ದರೂ ವರ್ಗೀಕರಣದ ತೂಕ ಕಡಿಮೆಯಾಗುವುದಿಲ್ಲ. ಬೇರೆ ದೇಶಗಳೊಡನೆ ಮಾಡಿಕೊಂಡ ವ್ಯಾಪಾರ ಒಪ್ಪಂದಗಳಲ್ಲಿ ರಿಯಾಯಿತಿ ಕೊಡುವುದು ಸಂಖ್ಯೆಯ ಲೆಕ್ಕದಲ್ಲಿ. ಆಸಿಯಾನ್ ದೇಶಗಳೊಡನೆ ಮಾಡಿಕೊಂಡ ಸರಕು ಒಪ್ಪಂದ 2010ರ ಜನವರಿ 1ರಿಂದ ಜಾರಿಗೆ ಬಂತು. ಪ್ಲೈವುಡ್ ಮತ್ತು ಎಂ.ಡಿ.ಎಫ್. ಕಳುಹಿಸುವ ಮಲೇಷಿಯಾ, ಇಂಡೋನೇಷಿಯಾ, ವಿಯೆಟ್ನಾಂ ಆ ಕೂಟದಲ್ಲಿವೆ.

ಇನ್ನೊಂದು ಸಂಗತಿ ಸುರಿವು-ವಿರೋಧಿ ಸುಂಕ. ಹೊರಗಿನವರು ತಮ್ಮ ದೇಶದ ಬೆಲೆಗಿಂತ ಕಡಿಮೆಗೆ ಇಲ್ಲಿ ಸರಕು ಸುರಿದು, ಅದರಿಂದ ಇಲ್ಲಿನ ಕಾರ್ಖಾನೆಗೆ ಹಾನಿಯಾದರೆ ವಿಚಾರಣೆ ನಡೆಸಿ ಇದನ್ನು ಹಾಕುತ್ತಾರೆ. 2009ರಲ್ಲಿ ಕೆಲವು ದೇಶಗಳ ಸಾದಾ ಎಂ.ಡಿ.ಎಫ್. ಮೇಲೆ ಇಂಥ ಸುಂಕ ಬಂತು. ಅದು 6 ಮಿ.ಮೀ. ಮತ್ತು ಅದಕ್ಕಿಂತ ದಪ್ಪದ ಹಲಗೆಗೆ ಮಾತ್ರ. ಎಚ್.ಎಸ್. ಕೋಷ್ಟಕವಾದರೋ ಎಂ.ಡಿ.ಎಫ್. ಅನ್ನು 5 ಮಿ.ಮೀ. ಮತ್ತು 9 ಮಿ.ಮೀ.ಗಳಲ್ಲಿ ಭಾಗ ಮಾಡುತ್ತದೆ. ಆದುದರಿಂದ ಐದೂವರೆ ಮಿ.ಮೀ. ಹಲಗೆಯೂ ಆರು ಮಿ.ಮೀ. ಹಲಗೆಯೂ ಒಂದೇ ಸಂಖ್ಯೆಯಡಿ ಬಂದರೂ, ಆ ಸುಂಕದ ಹೊರೆ ಎರಡನೆಯದಕ್ಕೆ ಮಾತ್ರ ಬೀಳುತ್ತಿತ್ತು. ಸಂಖ್ಯೆಯ ಜೊತೆಗೆ ದಪ್ಪವನ್ನೂ ವಿವರವನ್ನೂ ನೋಡಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ತಪ್ಪು ಬರೆದರೆ

2011ರಿಂದ ಆಮದುದಾರನೇ ವರ್ಗೀಕರಣವನ್ನು ಬರೆದು ಸುಂಕ ಲೆಕ್ಕ ಹಾಕುವ ಕ್ರಮವಿದೆ. ಅಧಿಕಾರಿಗಳು ಅದನ್ನು ಪರಿಶೀಲಿಸಬಹುದು, ಮಾದರಿ ತೆಗೆದು ಪ್ರಯೋಗಶಾಲೆಗೆ ಕಳುಹಿಸಬಹುದು. ಸುಂಕ ಕಡಿಮೆ ಕಟ್ಟಿದ್ದು ಕಂಡುಬಂದರೆ ಸಾಮಾನ್ಯವಾಗಿ ಎರಡು ವರ್ಷದೊಳಗೆ, ಬೇಕೆಂದೇ ಮರೆಮಾಚಿದ್ದರೆ ಐದು ವರ್ಷದೊಳಗೆ, ಬಾಕಿಯನ್ನು ಬಡ್ಡಿ ಸಮೇತ ಕೇಳುವ ಅಧಿಕಾರವನ್ನು ಕಾಯಿದೆ ಕೊಟ್ಟಿದೆ.

ಬೆಳೆಗಾರರು ಮಾಡಬಹುದಾದದ್ದು

“ಹೊರಗಿನ ಮಾಲು ಬಂದಿದೆ, ಮರಕ್ಕೆ ರೇಟಿಲ್ಲ” ಎಂಬ ಮಾತನ್ನು ಮರ ಕೊಳ್ಳಲು ಬಂದವರು ಹೇಳುವುದುಂಟು. ಅದು ನಿಜವೂ ಇರಬಹುದು, ಚೌಕಾಸಿಯ ಮಾತೂ ಇರಬಹುದು. ಯಾವ ಹಲಗೆ, ಎಷ್ಟು ದಪ್ಪ, ಯಾವ ದೇಶದ್ದು ಎಂದು ಕೇಳಿದರೆ ಎರಡರ ವ್ಯತ್ಯಾಸ ಅರ್ಧ ತಿಳಿಯುತ್ತದೆ. ಎಂಟಂಕಿ ಸಂಖ್ಯೆಯ ಪ್ರಕಾರ ಆಮದಿನ ಪ್ರಮಾಣ ಮತ್ತು ಮೌಲ್ಯವನ್ನು ಕೇಂದ್ರ ವಾಣಿಜ್ಯ ಇಲಾಖೆ ಪ್ರಕಟಿಸುತ್ತದೆ. ಒಬ್ಬ ರೈತನಿಗೆ ಇದನ್ನು ನೋಡುವುದು ಕಷ್ಟವಾದರೂ, ಬೆಳೆಗಾರರ ಸಂಘಕ್ಕೆ ಅಥವಾ ವಿಸ್ತರಣಾ ಕಾರ್ಯಕರ್ತರಿಗೆ ಕಷ್ಟವಲ್ಲ. ಸುಂಕದ ದರ ಮುಂಗಡಪತ್ರದಲ್ಲೂ ಅಧಿಸೂಚನೆಯಲ್ಲೂ ಬದಲಾಗುವುದರಿಂದ, ಮರ ಕಡಿಯಲು ಒಪ್ಪಂದ ಮಾಡಿಕೊಳ್ಳುವ ಮುನ್ನ ಆಗಿನ ದರವನ್ನೇ ವಿಚಾರಿಸಬೇಕು. ತೂಕ ಮತ್ತು ಸುತ್ತಳತೆಯನ್ನು ತಾವೇ ಅಳೆದು ನೋಡುವ ರೈತರು ಈ ಲೆಕ್ಕವನ್ನೂ ಅದರ ಜೊತೆಗೆ ಸೇರಿಸಿಕೊಂಡರೆ, ಆರೇಳು ವರ್ಷ ಸಾಕಿದ ಮರವನ್ನು ಬರಿಯ ಮಾತಿಗೆ ಬೆದರಿ ಮಾರುವ ಪ್ರಮೇಯ ಬರುವುದಿಲ್ಲ.