ಹೊಟ್ಟೆಯ ಬಲಭಾಗದ ನೋವು: ತಡಮಾಡಿದರೆ ಅಪಾಯ

(ಗ್ರಾಮಸೇವಕರೊಬ್ಬರು ಬಂಗಾರಪೇಟೆ ತಾಲ್ಲೂಕಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಕೊಟ್ಟಿಗೆಯಲ್ಲಿ ಹಸು ಮೇವು ಬಿಟ್ಟು, ಮೆಲುಕು ಹಾಕದೆ ನಿಂತರೆ ನೀವು ಏನು ಮಾಡುತ್ತೀರಿ? ಕೂಡಲೇ ಪಶುವೈದ್ಯರಿಗೆ ಹೇಳಿ ಕಳುಹಿಸುತ್ತೀರಿ. ಆದರೆ ಅದೇ ಮನೆಯ ಯಜಮಾನನಿಗೆ ಹೊಟ್ಟೆನೋವು ಬಂದರೆ ಓಮದ ಕಷಾಯಕ್ಕೆ ಒಂದು ದಿನ, ಹರಳೆಣ್ಣೆಗೆ ಒಂದು ದಿನ, ಹೊಕ್ಕಳು ಜಾರಿದೆಯೆಂದು ತಿಕ್ಕಿಸುವುದಕ್ಕೆ ಒಂದು ದಿನ, ಹೀಗೆ ಮೂರು ದಿನ ಕಳೆದುಹೋಗುತ್ತದೆ. ಹಸುವಿಗೆ ತೋರಿಸುವ ಕಾಳಜಿಯನ್ನು ನಮ್ಮ ದೇಹಕ್ಕೂ ತೋರಿಸಬೇಡವೇ?

ನಾನು ಕೃಷಿ ಡಿಪ್ಲೊಮಾ ಓದಿದವನು, ವೈದ್ಯನಲ್ಲ. ಔಷಧ ಹೇಳುವುದು ನನ್ನ ಕೆಲಸವಲ್ಲ. ಯಾವ ನೋವಿಗೆ ಕಾಯಬಾರದು ಎಂಬುದನ್ನಷ್ಟೇ ಹೇಳಲು ನಿಂತಿದ್ದೇನೆ. ಇದನ್ನು ನಾನು ಕಲಿತದ್ದು ಪುಸ್ತಕದಿಂದ ಮಾತ್ರವಲ್ಲ, ನನ್ನದೇ ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ನಮ್ಮ ಅಣ್ಣ ಟೊಮೇಟೊ ಬಿಡಿಸಿ ಮನೆಗೆ ಬಂದವನು ಊಟ ಬೇಡವೆಂದ. ಹೊಕ್ಕಳಿನ ಸುತ್ತ ನೋವು, ಒಂದು ಸಲ ವಾಂತಿ. ಅಮ್ಮ ಹೊಕ್ಕಳು ಜಾರಿದೆ ಎಂದರು. ಪಕ್ಕದ ಮನೆಯ ಹಿರಿಯರು ಬಂದು ತಿಕ್ಕಿದರು. ನಾನು ನನ್ನ ಕೈಯಾರೆ ಹರಳೆಣ್ಣೆ ಕುಡಿಸಿದೆ. ನಡುರಾತ್ರಿಯ ಹೊತ್ತಿಗೆ ನೋವು ಕೆಳಗೆ, ಬಲಗಡೆಗೆ ಇಳಿಯಿತು. ಆಸ್ಪತ್ರೆಗೆ ಹೋಗೋಣವೆಂದು ಅತ್ತಿಗೆ ಹೇಳಿದರೆ, "ಬಾಕ್ಸುಗಳು ಮೊದಲು ಕೋಲಾರದ ಮಂಡಿಗೆ ಹೋಗಲಿ, ಆಮೇಲೆ ನೋಡೋಣ" ಎಂದ ಅಣ್ಣ. ನಾನೂ ಹೂಂ ಅಂದೆ. ಮಾರನೆಯ ದಿನ ಮಧ್ಯಾಹ್ನ ನೋವು ಇದ್ದಕ್ಕಿದ್ದಂತೆ ಕಡಮೆಯಾಯಿತು. ಎಣ್ಣೆ ಕೆಲಸ ಮಾಡಿತೆಂದು ನಾವೆಲ್ಲ ಸಂತೋಷಪಟ್ಟೆವು. ಒಳಗೆ ಅಪೆಂಡಿಕ್ಸ್ ಒಡೆದುಹೋಗಿತ್ತು. ಸಂಜೆಗೆ ಮೈ ಕೆಂಡದಂತೆ ಕಾದಿತ್ತು, ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು. ಶಸ್ತ್ರಚಿಕಿತ್ಸೆಯಾಗಿ ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು ಅಣ್ಣ ಬದುಕಿಕೊಂಡ. ತೋಟದಲ್ಲಿದ್ದ ಹಣ್ಣು ಗಿಡದಲ್ಲೇ ಕೊಳೆಯಿತು, ಕರೆಯುವ ಎರಡು ಹಸುಗಳನ್ನು ಮಾರಿದೆವು. "ನಿನ್ನೆ ಯಾಕೆ ಬರಲಿಲ್ಲ?" ಎಂದು ವೈದ್ಯರು ಕೇಳಿದಾಗ ನನ್ನ ಬಾಯಲ್ಲಿ ಮಾತಿರಲಿಲ್ಲ.

ಇದೇ ಕಾಯಿಲೆ ಇಂಗ್ಲೆಂಡಿನ ದೊರೆ ಏಳನೆಯ ಎಡ್ವರ್ಡ್‌ಗೂ ಬಂದಿತ್ತು. 1902ರ ಜೂನ್ 26ಕ್ಕೆ ಪಟ್ಟಾಭಿಷೇಕ ಗೊತ್ತಾಗಿತ್ತು. ಎರಡು ದಿನ ಮೊದಲು, ಜೂನ್ 24ರಂದು, ಆತನಿಗೆ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಪಟ್ಟಾಭಿಷೇಕ ಆಗಸ್ಟ್ 9ಕ್ಕೆ ಮುಂದೆ ಹೋಯಿತು. ಒಂದು ಸಾಮ್ರಾಜ್ಯದ ಪಟ್ಟಾಭಿಷೇಕವೇ ನಿಂತಿತೆಂದ ಮೇಲೆ ನಮ್ಮ ಒಂದು ದಿನದ ಮಂಡಿ ನಿಲ್ಲಬಾರದೇ?

ಅಪೆಂಡಿಕ್ಸ್ ಎಂದರೆ ದೊಡ್ಡ ಕರುಳಿನ ಮೊದಲಿಗೆ ಅಂಟಿಕೊಂಡಿರುವ, ಬೆರಳುದ್ದದ ಸಣ್ಣ ಬಾಲ. ಅದರ ಬಾಯಿ ಕಟ್ಟಿಕೊಂಡರೆ ಊದಿ ಕೀವಾಗುತ್ತದೆ. ಹುಡುಗರಲ್ಲಿ, ಹರೆಯದವರಲ್ಲಿ ಇದು ಹೆಚ್ಚು, ಆದರೆ ಯಾವ ವಯಸ್ಸಿನಲ್ಲೂ ಬರಬಹುದು. ನೋವು ಮೊದಲು ಹೊಕ್ಕಳಿನ ಬಳಿ ಕಾಣಿಸಿಕೊಂಡು, ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಹೊಟ್ಟೆಗೆ ಇಳಿಯುವುದು ಇದರ ಮುಖ್ಯ ಗುರುತು. ಹಸಿವು ಇರುವುದಿಲ್ಲ. ಓಕರಿಕೆ, ಸಣ್ಣ ಜ್ವರ ಇರಬಹುದು. ಕೆಮ್ಮಿದರೂ ನೋವು, ಗಾಡಿ ಕುಲುಕಿದರೂ ನೋವು.

ನೋವು ಒಂದು ಕಡೆ, ರೋಗ ಇನ್ನೊಂದು ಕಡೆ ಹೇಗೆ ಎಂದು ನೀವು ಕೇಳಬಹುದು. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಲ್ಲಿ ದುಡಿದ ಹಿರಿಯರು ನಿಮ್ಮಲ್ಲೂ ಇರಬಹುದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳವಾಗಿತ್ತು. ಒಳಗೆ ಬಂಡೆ ಸಿಡಿದರೆ ಮೇಲಿನ ಮನೆಗಳ ಗೋಡೆ ಅದುರುತ್ತಿತ್ತು. ಆದರೆ ಗೋಡೆ ಅದುರಿದ ಜಾಗದ ಕೆಳಗೇ ಬಂಡೆ ಸಿಡಿದಿದೆಯೆಂದು ಯಾರೂ ಊಹಿಸುತ್ತಿರಲಿಲ್ಲ, ಯಂತ್ರಗಳನ್ನಿಟ್ಟು ಜಾಗ ಪತ್ತೆಮಾಡುತ್ತಿದ್ದರು. ಹೊಟ್ಟೆಯೂ ಹಾಗೆಯೇ. ವೈದ್ಯರ ಕೈ, ರಕ್ತಪರೀಕ್ಷೆ, ಸ್ಕ್ಯಾನಿಂಗ್ ಇವುಗಳಿಂದ ತಿಳಿಯಬೇಕೇ ಹೊರತು ಹೊರಗೆ ನಿಂತು ಊಹಿಸುವಂತಿಲ್ಲ.

ಬಲಗಡೆ ನೋವೆಲ್ಲ ಅಪೆಂಡಿಕ್ಸ್ ಅಲ್ಲ. ಮೂತ್ರಪಿಂಡದ ಕಲ್ಲಿನ ನೋವು ಸೊಂಟದ ಪಕ್ಕದಿಂದ ಹೊರಟು ತೊಡೆಯ ಸಂದಿಗೆ ಇಳಿಯುತ್ತದೆ, ಮೂತ್ರ ಕೆಂಪಾಗಬಹುದು. ಕಲ್ಲಿನ ನೋವಿನವನು ನಿಲ್ಲಲಾರ, ಕೂರಲಾರ, ಹೊರಳಾಡುತ್ತಾನೆ. ಅಪೆಂಡಿಕ್ಸ್ ನೋವಿನವನು ಸಾಮಾನ್ಯವಾಗಿ ಕಾಲು ಮಡಚಿ ಅಲುಗಾಡದೆ ಮಲಗುತ್ತಾನೆ. ಬಿಸಿಲಿನಲ್ಲಿ ಬೆವರು ಸುರಿಸಿ ದುಡಿಯುವ ನಾವು ಸಾಕಷ್ಟು ನೀರು ಕುಡಿಯದಿದ್ದರೆ ಕಲ್ಲು ಕಟ್ಟುವುದುಂಟು. ಹೊಲಕ್ಕೆ ಹೋಗುವಾಗ ಬುತ್ತಿಯ ಜೊತೆಗೆ ನೀರನ್ನೂ ಮರೆಯಬೇಡಿ.

ಬಲಪಕ್ಕೆಯ ಕೆಳಗೆ ಲಿವರ್ ಮತ್ತು ಪಿತ್ತಕೋಶ ಇವೆ. ಎಣ್ಣೆಯ ಊಟವಾದ ಮೇಲೆ ಅಲ್ಲಿ ನೋವು ಹುಟ್ಟಿ ಬೆನ್ನಿಗೆ ಹೊಡೆದರೆ ಪಿತ್ತಕೋಶದ ಕಲ್ಲಿರಬಹುದು. ಇದು ಹೆಂಗಸರಲ್ಲಿ ಹೆಚ್ಚು. ಕಣ್ಣು ಹಳದಿಯಾದರೆ ಕಾಮಾಲೆ. ಚಳಿಜ್ವರದೊಡನೆ ಪಕ್ಕೆ ನೋಯುತ್ತಿದ್ದರೆ ಲಿವರಿನಲ್ಲಿ ಕೀವು ತುಂಬಿರಬಹುದು. ಕೊಳಕು ನೀರಿನಿಂದ ಬರುವ ಆಮಶಂಕೆಯ ಕ್ರಿಮಿ ಇದಕ್ಕೆ ಒಂದು ಕಾರಣ, ಕುಡಿತದ ಚಟವಿದ್ದವರಿಗೆ ಇದರ ಕಾಟ ಹೆಚ್ಚು. ಕುದಿಸಿ ಆರಿಸಿದ ನೀರು, ಪಾಯಿಖಾನೆಯ ಬಳಕೆ, ಸೋಪಿನಿಂದ ಕೈ ತೊಳೆಯುವುದು, ಇವು ಖರ್ಚಿಲ್ಲದ ಔಷಧಗಳು.

ಇನ್ನೊಂದು ಕಾರಣ ನಮ್ಮ ಅಂಗಳದಲ್ಲೇ ಇದೆ. ಕುರಿ ಕೊಯ್ದಾಗ ನೀರುಗುಳ್ಳೆಗಳಿರುವ ಲಿವರನ್ನು, ಶ್ವಾಸಕೋಶವನ್ನು ನಾಯಿಗೆ ಎಸೆಯುತ್ತೇವೆ. ಆ ಗುಳ್ಳೆಯಲ್ಲಿ ಸಣ್ಣ ಲಾಡಿಹುಳುವಿನ ಮರಿಗಳಿರುತ್ತವೆ. ಅವು ನಾಯಿಯ ಕರುಳಿನಲ್ಲಿ ಬೆಳೆಯುತ್ತವೆ, ಮೊಟ್ಟೆಗಳು ಅದರ ಮಲದಲ್ಲಿ ಹೊರಬಿದ್ದು ಸೊಪ್ಪಿಗೆ, ಮಕ್ಕಳ ಕೈಗೆ ಅಂಟಿ ಬಾಯಿ ಸೇರುತ್ತವೆ. ವರ್ಷಗಳ ನಂತರ ಮನುಷ್ಯನ ಲಿವರಿನಲ್ಲೇ ಅಂಥ ಗುಳ್ಳೆ ಬೆಳೆದು ಬಲಪಕ್ಕೆ ಭಾರವಾಗುತ್ತದೆ. ಅಂಥ ಮಾಂಸವನ್ನು ನಾಯಿಗೆ ಹಾಕದೆ ಸುಡಿ, ಇಲ್ಲವೇ ನಾಯಿ ಕೆದರದಷ್ಟು ಆಳದಲ್ಲಿ ಹೂಳಿ. ಸಾಕಿದ ನಾಯಿಗೆ ಪಶುವೈದ್ಯರಿಂದ ಹುಳುವಿನ ಔಷಧ ಹಾಕಿಸಿ. ಸೊಪ್ಪು ತರಕಾರಿ ತೊಳೆದು ಬಳಸಿ.

ತಾಯಂದಿರಿಗೆ ಒಂದು ಮಾತು. ಮುಟ್ಟು ತಪ್ಪಿದ್ದು, ಕೆಳಹೊಟ್ಟೆಯ ಒಂದು ಪಕ್ಕದಲ್ಲಿ ನೋವು, ರಕ್ತ ಕಾಣುವುದು, ತಲೆಸುತ್ತು ಬಂದರೆ ಗರ್ಭ ಗರ್ಭಕೋಶದ ಹೊರಗೆ ನಿಂತಿರಬಹುದು. ಇದು ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗುವಂಥದು. ಸಂಕೋಚಪಡದೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಕೂಡಲೇ ಆಸ್ಪತ್ರೆಗೆ ಹೊರಡಿ.

ಹಾಗಾದರೆ ಮಾಡಬಾರದ್ದೇನು? ಬಲಗಡೆ ನೋವಿಗೆ ಹರಳೆಣ್ಣೆಯನ್ನಾಗಲಿ, ಭೇದಿಯ ಮಾತ್ರೆಯನ್ನಾಗಲಿ ಕೊಡಬೇಡಿ. ತಿಕ್ಕಬೇಡಿ, ಹಿಸುಕಬೇಡಿ, ಬರೆ ಹಾಕಬೇಡಿ. ಅಂಗಡಿಯ ಮಾತ್ರೆ ನುಂಗಿ ನೋವನ್ನು ಮುಚ್ಚಿಟ್ಟುಕೊಂಡು ಕಾಯಬೇಡಿ. ಊಟ ಕೊಡಬೇಡಿ, ಶಸ್ತ್ರಚಿಕಿತ್ಸೆ ಬೇಕಾದರೆ ಹೊಟ್ಟೆ ಬರಿದಾಗಿರಬೇಕು.

ಮಾಡಬೇಕಾದ್ದೇನು? ನೋವು ಕೆಲವು ಗಂಟೆಗಳಾದರೂ ಬಿಡದಿದ್ದರೆ, ಬಲಕ್ಕೆ ಇಳಿದರೆ, ಜ್ವರ, ನಿಲ್ಲದ ವಾಂತಿ, ಹಳದಿ ಕಣ್ಣು, ಗಟ್ಟಿಯಾದ ಹೊಟ್ಟೆ, ಮೂತ್ರದಲ್ಲಿ ರಕ್ತ ಇವುಗಳಲ್ಲಿ ಒಂದು ಕಂಡರೂ ಹೊರಟುಬಿಡಿ. ಹೆಚ್ಚಿದ್ದ ನೋವು ಥಟ್ಟನೆ ನಿಂತಿತೆಂದು ಹೊರಟವರು ಹಿಂತಿರುಗಬೇಡಿ. ಬಂಗಾರಪೇಟೆಯ ತಾಲ್ಲೂಕು ಆಸ್ಪತ್ರೆ, ರಾಬರ್ಟ್‌ಸನ್‌ಪೇಟೆಯ ಸರ್ಕಾರಿ ಆಸ್ಪತ್ರೆ, ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ವಾಹನವಿಲ್ಲದಿದ್ದರೆ 108ಕ್ಕೆ ಫೋನು ಮಾಡಿ, ಆಂಬುಲೆನ್ಸಿಗೆ ಹಣ ಕೊಡಬೇಕಾಗಿಲ್ಲ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿಯುವ ಪರಿಸ್ಥಿತಿ ತಂದುಕೊಳ್ಳಬೇಡಿ ಎಂದು ನಮ್ಮ ಹಿರಿಯರು ಹೇಳುತ್ತಾರೆ. ನಮ್ಮ ಅಣ್ಣ ಈಗ ಮತ್ತೆ ಟೊಮೇಟೊ ಬೆಳೆಯುತ್ತಿದ್ದಾನೆ. ಆದರೆ ಹೊಟ್ಟೆಯ ಮೇಲಿನ ಉದ್ದನೆಯ ಗಾಯದ ಗುರುತು ಕಂಡಾಗಲೆಲ್ಲ ಆ ರಾತ್ರಿಯ ಹರಳೆಣ್ಣೆಯ ಬಟ್ಟಲು ನನ್ನ ಕಣ್ಣ ಮುಂದೆ ಬರುತ್ತದೆ. ನಿಮ್ಮ ಮನೆಯಲ್ಲಿ ಅಂಥ ರಾತ್ರಿ ಬಂದರೆ ಬೆಳಗಾಗಲೆಂದು ಕಾಯಬೇಡಿ. ಬೆಳೆ ಮುಂದಿನ ವರ್ಷ ಬರುತ್ತದೆ, ಬೆಳೆಯುವವನು ಉಳಿಯಬೇಕು.