ಬಾವು ಇಳಿದ ಮಾತ್ರಕ್ಕೆ ರೋಗ ಹೋದಂತಲ್ಲ
(ಹಾಲು ಉತ್ಪಾದಕರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಕೆಚ್ಚಲು ಬಾವಿಗೆ ಚಿಕಿತ್ಸೆ ಮಾಡಿ ಬಂದ ಮಾರನೆಯ ದಿನ ನಾನು ಮತ್ತೆ ಮತ್ತೆ ಕೇಳುವ ಮಾತೊಂದಿದೆ: "ಸಾರ್, ಒಂದೇ ಇಂಜೆಕ್ಷನ್‌ಗೆ ಬಾವು ಇಳೀತು. ಇನ್ನೆರಡು ಯಾಕೆ, ಸುಮ್ಮನೆ ಖರ್ಚು?" ಇಂದು ಅದಕ್ಕೇ ಉತ್ತರ ಹೇಳುತ್ತೇನೆ.

ಬಾವು ಎಂಬುದು ರೋಗಾಣುವಿನ ವಿರುದ್ಧ ದೇಹ ಹೂಡುವ ಕಾಳಗ. ಮೊಲೆತೊಟ್ಟಿನ ತೂತಿನಿಂದ ರೋಗಾಣು ಒಳಹೊಕ್ಕಾಗ ರಕ್ತದ ಬಿಳಿಕಣಗಳು ಅಲ್ಲಿಗೆ ಧಾವಿಸುತ್ತವೆ. ರಕ್ತನಾಳ ಹಿಗ್ಗಿ, ನೀರು ಸೋರಿ, ಕೆಚ್ಚಲು ಕೆಂಪಾಗಿ ಬಿಸಿಯಾಗಿ ಗಟ್ಟಿಯಾಗುತ್ತದೆ. ಇದೇ ಉರಿಯೂತ.

ಪೆನಿಸಿಲಿನ್‌ನಂಥ ಆಂಟಿಬಯಾಟಿಕ್ ಮುಖ್ಯವಾಗಿ ರೋಗಾಣುವನ್ನು ಕೊಲ್ಲುತ್ತದೆ. ಶತ್ರು ಸತ್ತ ಮೇಲೆ ಕಾಳಗ ತಾನಾಗಿ ನಿಲ್ಲುತ್ತದೆ. ಆದರೆ ಕೆಲವು ಆಂಟಿಬಯಾಟಿಕ್‌ಗಳು ಉರಿಯೂತವನ್ನೂ ನೇರವಾಗಿ ತಗ್ಗಿಸುತ್ತವೆ. ಟೆಟ್ರಾಸೈಕ್ಲಿನ್ ವರ್ಗ ಅಂಥದ್ದು. 1983ರಲ್ಲಿ ಅಮೆರಿಕದ ಲೋರ್ನ್ ಗೋಲುಬ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಇಲಿಗಳಿಗೆ ಈ ವರ್ಗದ ಮಿನೋಸೈಕ್ಲಿನ್ ಕೊಟ್ಟು ನೋಡಿದರು. ವಸಡನ್ನು ಕರಗಿಸುವ ಕಿಣ್ವ ತಗ್ಗಿತು. ರೋಗಾಣುವೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲೂ ತಗ್ಗಿತು! ಮನುಷ್ಯರ ವಸಡಿನ ರೋಗಕ್ಕೆ, ರೋಗಾಣು ಸಾಯದಷ್ಟು ಕಡಿಮೆ ಪ್ರಮಾಣದ, ಅಂದರೆ 20 ಮಿಲಿಗ್ರಾಂನ ಡಾಕ್ಸಿಸೈಕ್ಲಿನ್ 1998ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು.

ಕರುಗಳ ನ್ಯುಮೋನಿಯಾಕ್ಕೆ ಕೊಡುವ ತುಲಾಥ್ರೋಮೈಸಿನ್ ಇನ್ನೊಂದು ಉದಾಹರಣೆ. ಬಿಳಿಕಣಗಳು ಒಡೆದು ತಮ್ಮೊಳಗಿನ ಸುಡುವ ರಸವನ್ನು ಶ್ವಾಸಕೋಶದಲ್ಲಿ ಚೆಲ್ಲದೆ ಸದ್ದಿಲ್ಲದೆ ಸಾಯುವಂತೆ ಅದು ನೆರವಾಗುತ್ತದೆ. ಆದರೆ ಹಾಲು ಕರೆಯುವ ಹಸುವಿಗೆ ಈ ಮದ್ದು ಸಲ್ಲದು.

ಇದರಿಂದ ನಾವು ಕಲಿಯಬೇಕಾದದ್ದೇನು? ಬಾವು ಇಳಿಯುವುದು ಬೇರೆ, ರೋಗಾಣು ಸಾಯುವುದು ಬೇರೆ. ಮೇಲೆ ಕೆಚ್ಚಲು ಮೆತ್ತಗಾದರೂ ಒಳಗೆ ಸ್ಟ್ಯಾಫಿಲೋಕಾಕಸ್‌ನಂಥ ರೋಗಾಣು ಅಡಗಿ ಕುಳಿತಿರಬಹುದು. ಅರ್ಧಕ್ಕೆ ಮದ್ದು ನಿಲ್ಲಿಸಿದರೆ ಬಾವು ಮರುಕಳಿಸುತ್ತದೆ, ಆ ಕಾಲುಭಾಗದ ಹಾಲೇ ಬತ್ತಬಹುದು. ಮದ್ದಿಗೆ ಬಗ್ಗದ ರೋಗಾಣುಗಳೂ ಹೆಚ್ಚಬಹುದು.

ಹಾಗೆಂದು ಎಲ್ಲ ಬಾವಿಗೂ ಆಂಟಿಬಯಾಟಿಕ್ ಬೇಡ. ಒದೆ ತಿಂದು, ಹಗ್ಗ ಬಿಗಿದು ಊದಿದರೆ ಅದಕ್ಕೆ ಮೆಲಾಕ್ಸಿಕಾಂನಂಥ ಬೇರೆ ಮದ್ದಿದೆ. ಯಾವುದು ಬೇಕೆಂಬುದನ್ನು ವೈದ್ಯರು ನೋಡಿ ಹೇಳಲಿ. ಕಳೆದ ಸಲದ ಉಳಿದ ಬಾಟಲಿ ಹುಡುಕಬೇಡಿ.

ಕೊನೆಯದಾಗಿ ಹಾಲಿನ ಮಾತು. ಒಂದೇ ಮೊಲೆಗೆ ಟ್ಯೂಬ್ ಹಾಕಿದರೂ ನಾಲ್ಕೂ ಮೊಲೆಗಳ ಹಾಲನ್ನು ಚೀಟಿಯಲ್ಲಿ ಬರೆದ ಅವಧಿ ಮುಗಿಯುವವರೆಗೆ ಸಂಘಕ್ಕೆ ಹಾಕಬೇಡಿ. ಮದ್ದು ರಕ್ತದ ಮೂಲಕ ಉಳಿದ ಮೊಲೆಗಳಿಗೂ ಹೋಗುತ್ತದೆ. ಕಾಯಿಸಿದರೂ ಪೂರ್ತಿ ಹೋಗದು. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲ. ಒಬ್ಬರ ಎರಡು ಲೀಟರ್ ಇಡೀ ಊರಿನ ಹಾಲನ್ನು ಕೆಡಿಸೀತು. ಆ ಹಾಲು ಕುಡಿಯುವವರು ನಮ್ಮ ನಿಮ್ಮ ಮಕ್ಕಳೇ.

ಆದ್ದರಿಂದ ಬಾವು ಇಳಿದ ದಿನ ಸಂತೋಷಪಡಿ, ಆದರೆ ಮದ್ದು ನಿಲ್ಲಿಸಬೇಡಿ. ಹೇಳಿದಷ್ಟು ದಿನ ಪೂರ್ತಿ ಕೊಡಿಸಿ.